ನೆನಪಿದೆಯಾ ಅಂತ ಕೇಳೋರು ಯಾಕೆ ಅಂತ ಕೇಳೋದಿಲ್ಲ

ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಳೆದು ಈಗ ನಲವತ್ತೋ ಐವತ್ತೋ ದಾಟಿರುವ ಯಾರನ್ನಾದರೂ ಅವರ ಬಾಲ್ಯದ ಬಗ್ಗೆ ಕೇಳಿ ನೋಡಿ. ಕತೆ ಬರಲ್ಲ, ಪಟ್ಟಿ ಬರುತ್ತೆ. ಫೇರಿ ಬ್ರೆಡ್, ಸನ್ನಿಬಾಯ್, ಚಿಕೋ ರೋಲ್, ಮಿಸ್ಟರ್ ಸ್ಕ್ವಿಗಲ್, ಡಾಲರ್‌ಮೈಟ್ಸ್ ಪಾಸ್‌ಬುಕ್ಕು, ಹೆಲ್ದಿ ಹೆರಾಲ್ಡ್ ಅನ್ನೋ ಜಿರಾಫೆ. ಇನ್ನೂ ಸ್ವಲ್ಪ ಹಿರಿಯರಾದರೆ ಶಾಲೆಯ ಅಂಗಳದಲ್ಲಿ ಬಿಸಿಲಿಗೆ ಬೆಚ್ಚಗಾದ ಹಾಲಿನ ಬಾಟಲಿ. ಒಬ್ಬರು ಒಂದು ಹೆಸರು ಹೇಳಿದ್ದೇ ತಡ, ಪಕ್ಕದವರು "ಅಯ್ಯೋ, ಅದು ನೆನಪಿದೆಯಾ?" ಅಂತ ಇನ್ನೊಂದನ್ನು ಸೇರಿಸ್ತಾರೆ. ಹೀಗೇ ಅರ್ಧ ಗಂಟೆ ನಡೆಯುತ್ತೆ. ಎಲ್ಲರೂ ನಗ್ತಾರೆ, ಎಲ್ಲರಿಗೂ ಖುಷಿ. ಆದರೆ ಆ ಅರ್ಧ ಗಂಟೆಯ ಕೊನೆಗೆ ಯಾರ ಬಾಲ್ಯದ ಬಗ್ಗೆಯೂ ಯಾರಿಗೂ ಹೊಸದೇನೂ ಗೊತ್ತಾಗಿರಲ್ಲ.

ಇದನ್ನು ಸುಮ್ಮನೆ ಹರಟೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಇದು ಈಗ ಹರಟೆಯಾಗಿ ಉಳಿದಿಲ್ಲ, ಒಂದು ಪ್ರಕಾರವೇ ಆಗಿದೆ. ಉಡುಗೊರೆ ಅಂಗಡಿಗಳಲ್ಲಿ ಇಂಥ ಹೆಸರುಗಳನ್ನೇ ಅಚ್ಚು ಹಾಕಿದ ಟೀ ಟವೆಲ್, ಕಪ್ಪು, ಪುಸ್ತಕ ಸಿಗುತ್ತವೆ. ಚಾನೆಲ್ ನೈನ್ 2005ರಲ್ಲಿ "ಟ್ವೆಂಟಿ ಟು ಒನ್" ಅಂತ ಬರೀ ಪಟ್ಟಿ ಎಣಿಸೋ ಕಾರ್ಯಕ್ರಮವನ್ನೇ ಶುರು ಮಾಡಿತು. ಶಾಲೆಗಳಂತೂ ದುಡ್ಡು ಕೂಡಿಸೋಕೆ "ಟ್ರಿವಿಯಾ ನೈಟ್" ನಡೆಸ್ತವೆ. ಸಭಾಂಗಣದಲ್ಲಿ ಹತ್ತು ಹತ್ತು ಜನರ ಮೇಜು, ಮನೆಯಿಂದ ತಂದ ಚಿಪ್ಸು ಚೀಸು, ಎದುರಿಗೆ ಮೈಕ್ ಹಿಡಿದ ಒಬ್ಬ ಅಪ್ಪ. ಸುತ್ತುಗಳಲ್ಲಿ ಒಂದಾದರೂ ಎಂಬತ್ತರ ದಶಕದ ಬಾಲ್ಯದ್ದು ಇದ್ದೇ ಇರುತ್ತೆ. ಹಾಗಾಗಿ ಇದನ್ನೂ ಒಂದು ಕೃತಿ ಅಂತಲೇ ಹಿಡಿದು, ಒಂದು ಪುಸ್ತಕಕ್ಕೋ ಸಿನಿಮಾಕ್ಕೋ ಕೇಳೋ ಪ್ರಶ್ನೆಯನ್ನೇ ಕೇಳೋಣ ಅನ್ನಿಸಿತು. ಇದು ಏನನ್ನು ತೋರಿಸುತ್ತೆ? ಏನನ್ನು ಮುಚ್ಚುತ್ತೆ?

ಮೊದಲು ಇದರ ಸೊಗಸನ್ನು ಒಪ್ಪಿಕೊಳ್ಳೋಣ. ಪಟ್ಟಿಯಲ್ಲಿ ಒಂದು ನಿಜವಾದ ರುಚಿ ಇದೆ. ಫೇರಿ ಬ್ರೆಡ್ ಅಂದ್ರೆ ಬಿಳಿ ಬ್ರೆಡ್ಡಿಗೆ ಬೆಣ್ಣೆ ಸವರಿ, ಮೇಲೆ ಬಣ್ಣಬಣ್ಣದ ಸಕ್ಕರೆ ಕಾಳು ಉದುರಿಸಿ, ತ್ರಿಕೋನವಾಗಿ ಕತ್ತರಿಸಿದ್ದು. ಅಷ್ಟೇ! ಇದಿಲ್ಲದೆ ಮಕ್ಕಳ ಹುಟ್ಟುಹಬ್ಬ ಆಗಲ್ಲ. ಟಕ್‌ಶಾಪಿನ ಲಂಚ್ ಆರ್ಡರ್ ಇನ್ನೊಂದು. ಕಂದು ಕಾಗದದ ಚೀಲದ ಮೇಲೆ ಹೆಸರು, ತರಗತಿ, ಬೇಕಾದ ತಿಂಡಿ ಬರೆದು, ಒಳಗೆ ಚಿಲ್ಲರೆ ಹಾಕಿ ಬೆಳಿಗ್ಗೆ ಕೊಟ್ಟರೆ ಮಧ್ಯಾಹ್ನ ಅದೇ ಚೀಲದಲ್ಲಿ ಬಿಸಿ ಪೈ ಬರೋದು. ಊರಿಂದೂರಿಗೆ ಮಾತೂ ಬೇರೆ. ಸ್ಕೂಲ್ ಬ್ಯಾಗಿಗೆ ಕ್ವೀನ್ಸ್‌ಲ್ಯಾಂಡಿನ ಹಳಬರು "ಪೋರ್ಟ್" ಅಂತಾರೆ. ಈಜುಡುಗೆ ಅಲ್ಲಿ ಟಾಗ್ಸ್, ಸಿಡ್ನಿಯಲ್ಲಿ ಕಾಸಿ, ಮೆಲ್ಬರ್ನ್‌ನಲ್ಲಿ ಬೇದರ್ಸ್. ನಮ್ಮ ಆಲೂಗಡ್ಡೆ ಬಜ್ಜಿಯ ದೊಡ್ಡಣ್ಣನಂಥ ಕರಿದ ಬಿಲ್ಲೆ ಮೆಲ್ಬರ್ನ್‌ನಲ್ಲಿ ಪೊಟೇಟೊ ಕೇಕ್, ಸಿಡ್ನಿಯಲ್ಲಿ ಪೊಟೇಟೊ ಸ್ಕಾಲಪ್. ಇದರ ಮೇಲೆ ಗಂಟೆಗಟ್ಟಲೆ ಜಗಳ ಆಡ್ತಾರೆ. ಮಂಗಳೂರು, ಧಾರವಾಡ, ಮೈಸೂರಿನವರ ಪದಜಗಳ ಕೇಳಿ ಬೆಳೆದ ನಮ್ಮಂಥವರಿಗೆ ಇದು ಬಹಳ ಪರಿಚಿತ ಸಂತೋಷ.

ಹೊರಗಿನಿಂದ ಬಂದೋರಿಗೂ ಒಮ್ಮೊಮ್ಮೆ ಬಾಗಿಲು ಸಂದಿಯಾಗುತ್ತೆ. ಇಂಥ ಒಂದು ರಾತ್ರಿ ನಮ್ಮ ಮೇಜಿಗೆ ಬಂದ ಪ್ರಶ್ನೆ: ಬ್ಯಾಟ್ಸ್‌ಮನ್ ಸೊನ್ನೆಗೆ ಔಟಾದಾಗ ಟೀವಿ ಪರದೆಯ ಕೆಳಗೆ ಅಳುತ್ತಾ ನಡೆದು ಹೋಗುತ್ತಿದ್ದ ಬಾತುಕೋಳಿಯ ಹೆಸರೇನು? ಡ್ಯಾಡಲ್ಸ್. ಚಾನೆಲ್ ನೈನಿನ ಬಾತುಕೋಳಿ. 1992ರ ವಿಶ್ವಕಪ್ ಹೊತ್ತಲ್ಲಿ ನಸುಕಿಗೇ ಎದ್ದು ಕಂಬಳಿ ಹೊದ್ದು ಟೀವಿ ಮುಂದೆ ಕೂತ ಕರ್ನಾಟಕದ ಎಷ್ಟೋ ಹುಡುಗರಿಗೆ ಆ ಬಾತು ಗೊತ್ತು, ಹೆಸರು ಗೊತ್ತಿರದಿದ್ದರೂ. ಉತ್ತರ ಹೇಳಿದಾಗ ಮೇಜಿನಲ್ಲಿದ್ದವರು "ನಿನಗೆ ಹೇಗೆ ಗೊತ್ತು?" ಅಂತ ಬೆರಗಾಗಿ ಬೆನ್ನು ತಟ್ಟಿದರು. ಆ ಬೆರಗಿನಲ್ಲೇ ಈ ಪ್ರಕಾರದ ಗುಟ್ಟು ಇದೆ. ಇದು ಜ್ಞಾನದ ಪರೀಕ್ಷೆ ಅಲ್ಲ, ಗುರುತಿನ ಚೀಟಿ. ಉತ್ತರ ಗೊತ್ತಿದ್ದರೆ ನೀವು ಒಳಗಿನವರು, ಇಲ್ಲದಿದ್ದರೆ ಹೊರಗಿನವರು. ಗುರುತಿನ ಚೀಟಿಗೆ ಹೆಸರು ಸಾಕು, ಅರ್ಥ ಬೇಕಿಲ್ಲ.

ನನ್ನ ತಕರಾರು ಇರೋದು ಇಲ್ಲೇ. ಪಟ್ಟಿಯಲ್ಲಿರೋ ಪ್ರತಿಯೊಂದು ಹೆಸರಿನ ಹಿಂದೆ ಒಂದು "ಯಾಕೆ" ಇದೆ. ಆ "ಯಾಕೆ" ಹೆಸರಿಗಿಂತ ಎಷ್ಟೋ ಪಾಲು ಸ್ವಾರಸ್ಯವಾಗಿದೆ. ಆದರೆ ಪ್ರಕಾರದ ನಿಯಮವೇ ಹಾಗಿದೆ, ಹೆಸರು ಸಿಕ್ಕಿದ ತಕ್ಷಣ ಮುಂದಿನ ಪ್ರಶ್ನೆಗೆ ಓಡಬೇಕು.

ಆ ಹಾಲನ್ನೇ ತಗೊಳ್ಳಿ. ಪ್ರತಿ ಪಟ್ಟಿಯಲ್ಲೂ ಇದು ತಮಾಷೆ: ಬೆಳಿಗ್ಗೆ ಇಳಿಸಿದ ಕ್ರೇಟು ಬಿಸಿಲಲ್ಲೇ ಇರೋದು, ಬಿಡುವಿನ ಹೊತ್ತಿಗೆ ಹಾಲು ಬೆಚ್ಚಗಾಗಿ, ಮೂಗು ಮುಚ್ಚಿಕೊಂಡು ಕುಡಿಯೋದು. ಸರಿ. ಆದರೆ ಆ ಪುಟ್ಟ ಬಾಟಲಿ ಅಲ್ಲಿಗೆ ಬಂದದ್ದು ಹೇಗೆ? ದೇಶದ ಎಲ್ಲಾ ರಾಜ್ಯಗಳ ಮಕ್ಕಳಿಗೂ ಶಾಲೆಯಲ್ಲಿ ಪುಕ್ಕಟೆ ಹಾಲು ಕೊಡೋಕೆ ಕೇಂದ್ರ ಸರ್ಕಾರ 1950ರಲ್ಲಿ ಕಾನೂನು ಮಾಡಿತು. ಒಂದು ಮಗುವಿಗೆ ದಿನಕ್ಕೆ ಪೈಂಟಿನ ಮೂರನೇ ಒಂದು ಪಾಲು. 1973ರಲ್ಲಿ ವಿಟ್‌ಲಮ್ ಸರ್ಕಾರ ಅದನ್ನು ನಿಲ್ಲಿಸಿತು. ಬಡವರ ಮಗು, ಸಾಹುಕಾರನ ಮಗು ಅನ್ನದೆ ಎಲ್ಲರಿಗೂ ಒಂದೇ ಬಾಟಲಿ ಕೊಟ್ಟ ಯೋಜನೆ ಅದು. ಯಾಕೆ ಶುರುವಾಯ್ತು, ಯಾಕೆ ನಿಂತಿತು, ನಿಂತದ್ದು ಸರಿಯಾ? ಇಷ್ಟು ಕೇಳಿದರೆ ಒಂದು ರಾತ್ರಿ ಚರ್ಚೆಗೆ ಸಾಕು. ಪಟ್ಟಿಯಲ್ಲಿ ಮಾತ್ರ ಅದು ಬರೀ ವಾಸನೆಯಾಗಿ ಉಳಿದಿದೆ.

ಟೋಪಿಯದ್ದೂ ಅದೇ ಕತೆ. ಇಲ್ಲಿಯ ಶಾಲೆಗಳಲ್ಲಿ "ಟೋಪಿ ಇಲ್ಲದಿದ್ದರೆ ಆಟ ಇಲ್ಲ" ಅನ್ನೋದು ಎಲ್ಲಾ ಮಕ್ಕಳಿಗೂ ಗೊತ್ತಿರೋ ನಿಯಮ. 1981ರಲ್ಲಿ ಸಿಡ್ ಅನ್ನೋ ಕಡಲಹಕ್ಕಿ ಟೀವಿಯಲ್ಲಿ ಕುಣಿಯುತ್ತಾ ಬಂದು ಅಂಗಿ ತೊಡಿ, ಕ್ರೀಮ್ ಹಚ್ಚಿ, ಟೋಪಿ ಹಾಕಿ ಅಂತ ಹೇಳಿಕೊಟ್ಟಿತು. "ಸ್ಲಿಪ್, ಸ್ಲಾಪ್, ಸ್ಲ್ಯಾಪ್" ಪ್ರಚಾರ ಅದು. ಆ ಹಕ್ಕಿ ಯಾವುದೋ ಕಂಪನಿಯ ಗೊಂಬೆಯಲ್ಲ, ವಿಕ್ಟೋರಿಯಾದ ಕ್ಯಾನ್ಸರ್ ವಿರೋಧಿ ಮಂಡಳಿಯದ್ದು. ಬಿಳಿ ಚರ್ಮದವರು ಸುಡುವ ಬಿಸಿಲಿನ ದೇಶಕ್ಕೆ ಬಂದು ನೆಲೆಸಿದ್ದರಿಂದ ಚರ್ಮದ ಕ್ಯಾನ್ಸರಿನಲ್ಲಿ ಈ ದೇಶ ಜಗತ್ತಿನ ಮುಂಚೂಣಿಯಲ್ಲಿತ್ತು, ಈಗಲೂ ಇದೆ. ಆ ಹಕ್ಕಿಯನ್ನು ಬರೆದ ಅಲೆಕ್ಸ್ ಸ್ಟಿಟ್, ಅದಕ್ಕೂ ಮೊದಲು ಎಪ್ಪತ್ತರ ದಶಕದಲ್ಲಿ ನಾರ್ಮ್ ಅನ್ನೋ ಡೊಳ್ಳುಹೊಟ್ಟೆಯ ಆಸಾಮಿಯನ್ನೂ ಬರೆದಿದ್ದರು. ಕುರ್ಚಿ ಬಿಟ್ಟು ಏಳದ ಆ ನಾರ್ಮ್‌ನ ತೋರಿಸಿ "ಎದ್ದು ಓಡಾಡಿ" ಅಂತ ಜನರಿಗೆ ಹೇಳಿದ್ದು ಸರ್ಕಾರವೇ. ಇವತ್ತು ನಲವತ್ತರ ಒಳಗಿನ ಆಸ್ಟ್ರೇಲಿಯನ್ನರಲ್ಲಿ ಮೆಲನೋಮಾ ಮೊದಲಿಗಿಂತ ಕಡಿಮೆಯಾಗಿದೆ. ಅಂದ್ರೆ ಆ ಪಟ್ಟಿಯನ್ನು ಓದಿ ನಗೋರಲ್ಲಿ ಕೆಲವರು ಬದುಕಿರೋದೇ ಆ ಪಟ್ಟಿಯಲ್ಲಿರೋ ಒಂದು ಹಕ್ಕಿಯ ದೆಸೆಯಿಂದ ಇರಬಹುದು! ಇದನ್ನು ಹೇಳದೆ "ಸಿಡ್ ನೆನಪಿದೆಯಾ?" ಅಂತ ಮಾತ್ರ ಕೇಳೋದು, ಜೀವ ಉಳಿಸಿದ ಡಾಕ್ಟರ ಅಂಗಿ ಬಣ್ಣ ಮಾತ್ರ ನೆನಪಿಟ್ಟುಕೊಂಡ ಹಾಗೆ.

ಮಿಸ್ಟರ್ ಸ್ಕ್ವಿಗಲ್‌ನ ನೋಡಿ. ಮೂಗಿನ ಜಾಗದಲ್ಲಿ ಪೆನ್ಸಿಲ್ ಇರುವ ಸೂತ್ರದ ಗೊಂಬೆ. ಎಬಿಸಿ ಟೀವಿಯಲ್ಲಿ 1959ರಿಂದ 1999ರವರೆಗೆ, ನಲವತ್ತು ವರ್ಷ ಬಂತು. ಮಕ್ಕಳು ಅಂಚೆಯಲ್ಲಿ ಕಳಿಸಿದ ಅಡ್ಡಾದಿಡ್ಡಿ ಗೀಚುಗಳನ್ನು ಆ ಗೊಂಬೆ ಮೂಗಿನಿಂದಲೇ ಚಿತ್ರ ಮಾಡೋದು. ಚಿತ್ರ ಯಾವಾಗಲೂ ತಲೆಕೆಳಗಾಗಿರೋದು, ಕೊನೆಗೆ ಜೊತೆಗಾರ್ತಿ ಅದನ್ನು ತಿರುಗಿಸಿ ತೋರಿಸೋಳು. ಯಾಕೆ ತಲೆಕೆಳಗು? ಗೊಂಬೆ ಆಡಿಸುತ್ತಿದ್ದ ನಾರ್ಮನ್ ಹೆದರಿಂಗ್‌ಟನ್ ಮೇಲೆ ನಿಂತು, ಕೆಳಗೆ ಬಗ್ಗಿ, ದಾರ ಹಿಡಿದೇ ಚಿತ್ರ ಬರೆಯುತ್ತಿದ್ದರು. ಅವರ ಕಣ್ಣಿಗೆ ಸರಿಯಾಗಿದ್ದದ್ದು ನಮ್ಮ ಕಣ್ಣಿಗೆ ತಲೆಕೆಳಗು. ಒಬ್ಬ ಕಲಾವಿದ ನಲವತ್ತು ವರ್ಷ ದಾರದ ತುದಿಯ ಪೆನ್ಸಿಲ್ಲಿನಿಂದ, ಯಾರದೋ ಮಗು ಗೀಚಿದ್ದನ್ನು ಎದುರಿಗಿಟ್ಟುಕೊಂಡು ಬರೆದದ್ದು, ಅದೂ ಸರ್ಕಾರಿ ದುಡ್ಡಲ್ಲಿ ನಡೆಯೋ ವಾಹಿನಿ ಅದಕ್ಕೆ ಜಾಗ ಕೊಟ್ಟದ್ದು ಸಣ್ಣ ಮಾತಲ್ಲ. ಪಟ್ಟಿಯಲ್ಲಿ ಇದು ಫೇರಿ ಬ್ರೆಡ್ಡಿಗೂ ಐಸ್‌ಕ್ರೀಮಿಗೂ ನಡುವೆ ಒಂದು ಹೆಸರು.

ಎಲ್ಲವನ್ನೂ ಒಂದೇ ತಟ್ಟೆಗೆ ಬಡಿಸೋದರ ಇನ್ನೊಂದು ತೊಂದರೆ, ನಮಗೆ ಕೊಟ್ಟದ್ದು ಯಾವುದು, ನಮಗೆ ಮಾರಿದ್ದು ಯಾವುದು ಅನ್ನೋ ವ್ಯತ್ಯಾಸ ಅಳಿಸಿಹೋಗೋದು. ಸಿಡ್ ಹಕ್ಕಿಯ ಪಕ್ಕದಲ್ಲೇ ಡಾಲರ್‌ಮೈಟ್ಸ್ ಕೂತಿರುತ್ತೆ. ಕಾಮನ್‌ವೆಲ್ತ್ ಬ್ಯಾಂಕು 1931ರಿಂದ ಶಾಲೆಗಳೊಳಗೆ ಮಕ್ಕಳ ಉಳಿತಾಯ ಖಾತೆ ನಡೆಸುತ್ತಿತ್ತು. ಆಗ ಅದು ಸರ್ಕಾರಿ ಬ್ಯಾಂಕು. ತೊಂಬತ್ತರ ದಶಕದಲ್ಲಿ ಖಾಸಗಿಯಾಯ್ತು, ಆದರೆ ತರಗತಿಯೊಳಗಿನ ಜಾಗ ಹಾಗೇ ಉಳೀತು. ಪ್ರತಿ ವಾರ ಪುಟ್ಟ ಪಾಸ್‌ಬುಕ್ಕು, ಚಿಲ್ಲರೆ ಕಾಸು, ಬಹುಮಾನದ ಆಟಿಕೆ. ಗ್ರಾಹಕರ ಸಂಸ್ಥೆ ಚಾಯ್ಸ್ 2018ರಲ್ಲಿ ಇದಕ್ಕೆ ತನ್ನ "ಶಾಂಕಿ" ಅನ್ನೋ ಕುಖ್ಯಾತ ಪ್ರಶಸ್ತಿ ಕೊಟ್ಟಿತು. 2020ರಲ್ಲಿ ಹಣಕಾಸು ನಿಯಂತ್ರಕರಾದ ಆಸಿಕ್ ಪರಿಶೀಲಿಸಿ, ಇಂಥ ಶಾಲಾ ಬ್ಯಾಂಕಿಂಗಿನಿಂದ ಮಕ್ಕಳ ಉಳಿತಾಯದ ಅಭ್ಯಾಸ ಸುಧಾರಿಸಿತು ಅನ್ನೋದಕ್ಕೆ ಆಧಾರ ತೋರಿಸೋಕೆ ಬ್ಯಾಂಕುಗಳಿಗೆ ಆಗಿಲ್ಲ ಅಂತ ವರದಿ ಕೊಟ್ಟಿತು. ವಿಕ್ಟೋರಿಯಾ ತನ್ನ ಸರ್ಕಾರಿ ಶಾಲೆಗಳಿಂದ ಅದನ್ನು ಹೊರಗಿಟ್ಟಿತು, ಬ್ಯಾಂಕು 2021ರಲ್ಲಿ ಯೋಜನೆಯನ್ನೇ ಮುಚ್ಚೋದಾಗಿ ಹೇಳಿತು. ಕ್ಯಾನ್ಸರ್ ತಡೆಯೋಕೆ ಬಂದ ಹಕ್ಕಿ, ಗ್ರಾಹಕರನ್ನು ಎಳವೆಯಲ್ಲೇ ಹಿಡಿಯೋಕೆ ನೆರವಾದ ಪಾಸ್‌ಬುಕ್ಕು, ಎರಡಕ್ಕೂ ಒಂದೇ ಪ್ರೀತಿಯ ನಿಟ್ಟುಸಿರು! ವೆಜಿಮೈಟ್‌ನ ಕತೆಯೂ ಇಂಥದ್ದೇ. ದೇಶದ ಅಸ್ಮಿತೆ ಅಂತ ಎಲ್ಲರೂ ಎದೆಗೊತ್ತಿಕೊಳ್ಳೋ ಆ ಕಪ್ಪು ಲೇಹ್ಯ, ಬಿಯರ್ ತಯಾರಿಕೆಯಲ್ಲಿ ಉಳಿದ ಯೀಸ್ಟಿನಿಂದ ಮೆಲ್ಬರ್ನ್‌ನಲ್ಲಿ ಹುಟ್ಟಿದ್ದು ನಿಜ. ಆದರೆ 2017ರಲ್ಲಿ ಬೇಗಾ ಕಂಪನಿ ಕೊಳ್ಳೋವರೆಗೆ ದಶಕಗಟ್ಟಲೆ ಅದರ ಮಾಲೀಕರು ಅಮೆರಿಕದವರು.

ಇನ್ನು "ನಾವು" ಅನ್ನೋ ಪದಕ್ಕೆ ಬರ್ತೀನಿ. "ನಾವೆಲ್ಲ ಹೀಗೆ ಬೆಳೆದ್ವಿ" ಅನ್ನೋದು ಎಲ್ಲಾ ಪಟ್ಟಿಗಳ ಪಲ್ಲವಿ. ಯಾರು ಈ ನಾವೆಲ್ಲ?

ಮೆಮ್ ಫಾಕ್ಸ್ ಬರೆದ "ಪಾಸಮ್ ಮ್ಯಾಜಿಕ್" 1983ರ ಪುಸ್ತಕ. ಜೂಲಿ ವಿವಾಸ್ ಅವರ ಚಿತ್ರಗಳು ಬಹಳ ಚೆಂದ. ಕಣ್ಣಿಗೆ ಕಾಣದಂತಾದ ಪಾಸಮ್ ಮರಿ ಹಶ್ ಮತ್ತೆ ಕಾಣಿಸಿಕೊಳ್ಳಬೇಕಾದರೆ "ಮನುಷ್ಯರ ತಿಂಡಿ" ತಿನ್ನಬೇಕು. ಅಜ್ಜಿ ಪಾಸ್ ಜೊತೆ ಊರೂರು ಸುತ್ತುತ್ತೆ: ಅಡಿಲೇಡಿನಲ್ಲಿ ಆನ್ಜಾಕ್ ಬಿಸ್ಕೀಟು, ಡಾರ್ವಿನ್‌ನಲ್ಲಿ ವೆಜಿಮೈಟ್ ಸ್ಯಾಂಡ್‌ವಿಚ್, ಪರ್ತ್‌ನಲ್ಲಿ ಪಾವ್ಲೋವಾ, ಹೋಬಾರ್ಟ್‌ನಲ್ಲಿ ಲ್ಯಾಮಿಂಗ್‌ಟನ್. ಮಗುವಿಗೆ ಓದಿ ಹೇಳುವಾಗ ನನಗೂ ಇಷ್ಟವಾಗುತ್ತೆ. ಆದರೆ ಪುಸ್ತಕ ಮಡಿಸಿದ ಮೇಲೆ ಒಂದು ಯೋಚನೆ ಉಳಿಯುತ್ತೆ. ಒಂದೇ ಬಗೆಯ ಅಡುಗೆಮನೆಯ ತಿಂಡಿ ತಿಂದಾಗ ಮಾತ್ರ ಕಣ್ಣಿಗೆ ಕಾಣಿಸೋದು! ಲೇಖಕಿಯ ಉದ್ದೇಶ ಅದಲ್ಲ ಅಂತ ನನಗೆ ಗೊತ್ತು. ಆದರೆ ಸಲಾಮಿ, ಡಂಪ್ಲಿಂಗ್, ನಮ್ಮ ಮಕ್ಕಳ ಕಾಲಕ್ಕೆ ಚಿತ್ರಾನ್ನ ಡಬ್ಬಿಯಲ್ಲಿ ತಗೊಂಡು ಹೋದ ಮಕ್ಕಳ ಅನುಭವ ಸುಮಾರು ಹಾಗೇ ಇತ್ತು. ಅಂಗಳದಲ್ಲಿ ಕಾಣಿಸಿಕೊಳ್ಳಬೇಕಾದರೆ ಡಬ್ಬಿ ಬದಲಾಗಬೇಕಿತ್ತು.

ತಮಾಷೆ ಅಂದ್ರೆ ಆ ಅಡುಗೆಮನೆಯೂ ಅಷ್ಟು ಶುದ್ಧ ಅಲ್ಲ. ಚಿಕೋ ರೋಲ್‌ನ ಕಂಡುಹಿಡಿದವರು ಬೆಂಡಿಗೊದ ಫ್ರಾಂಕ್ ಮೆಕೆನ್‌ಕ್ರೊ ಅನ್ನೋ ಬಾಯ್ಲರ್ ಕೆಲಸಗಾರ. ಚೀನೀಯರು ಮಾರುತ್ತಿದ್ದ ಚಾಪ್ ಸೂಯಿ ರೋಲ್ ನೋಡಿ, ಫುಟ್‌ಬಾಲ್ ಮೈದಾನದಲ್ಲಿ ಒಂದೇ ಕೈಯಲ್ಲಿ ಹಿಡಿದು ತಿನ್ನೋ ಹಾಗೆ ದಪ್ಪ ಸಿಪ್ಪೆಯ ರೋಲ್ ಮಾಡಿ, 1951ರಲ್ಲಿ ವಾಗಾ ವಾಗಾದ ಕೃಷಿ ಮೇಳದಲ್ಲಿ ಮಾರಿದರು. ಆಗ ದೇಶದಲ್ಲಿ ಶ್ವೇತ ಆಸ್ಟ್ರೇಲಿಯಾ ನೀತಿ ಜಾರಿಯಲ್ಲಿತ್ತು. ಚೀನಾದವರಿಗೆ ಬಾಗಿಲು ಹಾಕಿದ್ದ ದೇಶದ ಮೈದಾನಕ್ಕೆ ಅವರ ರೋಲು ಮಾತ್ರ ಹೆಸರು ಬದಲಿಸಿಕೊಂಡು ಬಂತು. "ಚಿಕೋ ರೋಲ್ ನೆನಪಿದೆಯಾ?" ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆ ಉತ್ತರ ಇನ್ನೊಂದಿಲ್ಲ. ಆದರೆ ಅಂಕ ಕೊಡೋದು ಹೆಸರಿಗೆ ಮಾತ್ರ.

ನಗುವಂಥದ್ದಲ್ಲದ ಮಾತೂ ಇದೆ. ಹಾಲಿನ ಬಾಟಲಿಯ ಅದೇ ವರ್ಷಗಳಲ್ಲಿ ಮೂಲನಿವಾಸಿಗಳ ಮಕ್ಕಳನ್ನು ತಾಯ್ತಂದೆಯರಿಂದ ಕಿತ್ತುಕೊಂಡು ಸಂಸ್ಥೆಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸೋದು ನಡೆಯುತ್ತಿತ್ತು. 1997ರ "ಬ್ರಿಂಗಿಂಗ್ ದೆಮ್ ಹೋಮ್" ವರದಿ ಅದನ್ನು ದಾಖಲಿಸಿತು, 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ನ್ಯೂ ಸೌತ್ ವೇಲ್ಸ್‌ನಲ್ಲಿ ಮೂಲನಿವಾಸಿ ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲ್ಲ ಅನ್ನೋ ಅಧಿಕಾರ ಹೆಡ್‌ಮಾಸ್ಟರಿಗೆ 1972ರವರೆಗೂ ಇತ್ತು. ಹಾಲು ನಿಲ್ಲೋಕೆ ಒಂದು ವರ್ಷ ಮುಂಚಿನವರೆಗೂ! ಬೆಚ್ಚಗಿನ ಹಾಲು ತಮಾಷೆಯ ನೆನಪಾಗಬೇಕಾದರೆ ಮೊದಲು ಶಾಲೆಯ ಗೇಟಿನ ಒಳಗೆ ಇರಬೇಕಿತ್ತಲ್ಲ. ಮೇಜಿನ ಸುತ್ತ ಕೂತು ನಗೋರ ಮೇಲೆ ಇದರ ತಪ್ಪು ಹೊರಿಸುತ್ತಿಲ್ಲ, ಅವರೂ ಆಗ ಮಕ್ಕಳೇ. ಆದರೆ ಇವತ್ತು ಅವರು ಮಕ್ಕಳಲ್ಲ.

ಹಾಗಾದರೆ ಹಳೆಯದನ್ನು ನೆನೆಸಿಕೊಳ್ಳೋದೇ ತಪ್ಪಾ? ಖಂಡಿತ ಅಲ್ಲ. ಅದನ್ನು ಚೆನ್ನಾಗಿ ಮಾಡಿದವರು ಇದ್ದಾರೆ. ಕ್ಲೈವ್ ಜೇಮ್ಸ್ ಅವರ "ಅನ್‌ರಿಲಯಬಲ್ ಮೆಮಾಯರ್ಸ್" 1980ರದ್ದು. ಸಿಡ್ನಿಯ ಕೊಗಾರದಲ್ಲಿ ಕಳೆದ ಬಾಲ್ಯ. ಬಿಲ್ಲಿಕಾರ್ಟ್ ಅಂದ್ರೆ ಮಕ್ಕಳು ತಾವೇ ಜೋಡಿಸಿದ ಹಲಗೆ ಬಂಡಿ ಸಾಲಾಗಿ ಇಳಿಜಾರಿನಲ್ಲಿ ಉರುಳಿ, ಪಕ್ಕದ ಮನೆಯಾಕೆಯ ಹೂಗಿಡ ನಾಶ ಮಾಡೋ ಪ್ರಸಂಗ ಓದಿ ಹೊಟ್ಟೆ ಹುಣ್ಣಾಗುತ್ತೆ. ಆದರೆ ಆ ನಗುವಿನ ಕೆಳಗೇ, ಜಪಾನೀಯರ ಸೆರೆಯಲ್ಲಿ ಬದುಕುಳಿದು, ಯುದ್ಧ ಮುಗಿದ ಮೇಲೆ ಮನೆಗೆ ಬರುವಾಗ ವಿಮಾನ ಬಿದ್ದು ಸತ್ತ ಅಪ್ಪ ಇದ್ದಾನೆ. ಒಂಟಿಯಾಗಿ ಮಗನನ್ನು ಬೆಳೆಸಿದ ಅಮ್ಮ ಇದ್ದಾಳೆ. ಹೆಸರಿನ ಜೊತೆ ಕಾರಣ ಬಂದರೆ ನಗು ಕಡಿಮೆಯಾಗಲ್ಲ ಅನ್ನೋದಕ್ಕೆ ಆ ಪುಸ್ತಕವೇ ಸಾಕ್ಷಿ. ಮೆಲೀನಾ ಮಾರ್ಕೆಟ್ಟಾ ಅವರ "ಲುಕಿಂಗ್ ಫಾರ್ ಆಲಿಬ್ರಾಂಡಿ" 1992ರಲ್ಲಿ ಇಟಲಿ ಮೂಲದ ಹುಡುಗಿಯ ಶಾಲಾ ದಿನಗಳನ್ನು ಹೇಳಿತು. ಮನೆಮಂದಿಯೆಲ್ಲ ಕೂತು ಟೊಮೆಟೊ ಗೊಜ್ಜು ಮಾಡೋ ದಿನ ಅವಳಿಗೆ ಮುಜುಗರವೂ ಹೌದು, ಮನೆಯೂ ಹೌದು. ಆಲಿಸ್ ಪಂಗ್ 2008ರಲ್ಲಿ "ಗ್ರೋಯಿಂಗ್ ಅಪ್ ಏಷಿಯನ್ ಇನ್ ಆಸ್ಟ್ರೇಲಿಯಾ", ಅನೀಟಾ ಹೈಸ್ 2018ರಲ್ಲಿ "ಗ್ರೋಯಿಂಗ್ ಅಪ್ ಅಬೊರಿಜಿನಲ್ ಇನ್ ಆಸ್ಟ್ರೇಲಿಯಾ" ಸಂಕಲನಗಳನ್ನು ತಂದರು. ಪಟ್ಟಿ ಬಿಟ್ಟ ಜಾಗಗಳನ್ನು ತುಂಬಿದ ಪುಸ್ತಕಗಳು ಇವು. ಮಕ್ಕಳ ಟೀವಿಯಲ್ಲಿ ಬ್ಲೂಯಿ ಇದೆ. ಬ್ರಿಸ್ಬೇನಿನ ಜೋ ಬ್ರಮ್ 2018ರಲ್ಲಿ ಶುರು ಮಾಡಿದ ಆ ನಾಯಿ ಸಂಸಾರದ ಕತೆಯಲ್ಲಿ "ಫೇರಿಟೇಲ್" ಅನ್ನೋ ಕಂತು ಅಪ್ಪನ ಎಂಬತ್ತರ ದಶಕದ ಬಾಲ್ಯದ್ದು. ಹಳೇ ವಸ್ತುಗಳೆಲ್ಲ ಅಲ್ಲಿವೆ. ಆದರೆ ಅಪ್ಪ ಮಕ್ಕಳಿಗೆ ಹೇಳೋದು ವಸ್ತುಗಳ ಕತೆಯಲ್ಲ, ತಾನು ತಮ್ಮನನ್ನು ಹೇಗೆ ಗೋಳು ಹೊಯ್ದುಕೊಳ್ಳುತ್ತಿದ್ದೆ ಅನ್ನೋದನ್ನ. ಏಳು ನಿಮಿಷದ ಕಂತು ಸಾಧಿಸಿದ್ದನ್ನು ಇಡೀ ರಾತ್ರಿಯ ರಸಪ್ರಶ್ನೆ ಸಾಧಿಸೋದಿಲ್ಲ.

ಪಟ್ಟಿಯ ಪರವಾಗಿಯೂ ಒಂದು ಪ್ರಬಲ ಸಾಕ್ಷಿ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. ಹೆಲ್ದಿ ಹೆರಾಲ್ಡ್ ಅನ್ನೋ ಜಿರಾಫೆ ಗೊಂಬೆ ಶಾಲೆಗೆ ವ್ಯಾನಿನಲ್ಲಿ ಬಂದು ಆರೋಗ್ಯ, ಸಿಗರೇಟು, ಮಾದಕ ವಸ್ತುಗಳ ಬಗ್ಗೆ ಮಕ್ಕಳಿಗೆ ಹೇಳಿಕೊಡುತ್ತೆ. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅದರ ಅನುದಾನ ಕಡಿತ ಮಾಡುತ್ತೆ ಅನ್ನೋ ಸುದ್ದಿ ಬಂತು. ಆ ವ್ಯಾನಿನ ಕತ್ತಲಲ್ಲಿ ಕೂತು ಬೆಳೆದ ದೊಡ್ಡವರೆಲ್ಲ ಒಟ್ಟಿಗೆ ಕೂಗಿದರು. ಸರ್ಕಾರ ಕೂಡಲೇ ಹಿಂದೆ ಸರೀತು, ದುಡ್ಡು ಉಳೀತು. ಬರೀ ನೆನಪು ಒಂದು ಯೋಜನೆಯನ್ನು ಉಳಿಸಿತು. ಆದರೆ ಗಮನಿಸಿ, ಅವತ್ತು ಜನ "ಹೆರಾಲ್ಡ್ ನೆನಪಿದೆಯಾ?" ಅಂತ ಕೇಳಿ ಸುಮ್ಮನಾಗಲಿಲ್ಲ. ಅವನು ಯಾಕೆ ಬರುತ್ತಿದ್ದ, ಅವನಿಲ್ಲದಿದ್ದರೆ ಇವತ್ತಿನ ಮಕ್ಕಳಿಗೆ ಏನಾಗುತ್ತೆ ಅಂತಲೂ ಕೇಳಿದರು. ಎರಡನೇ ಪ್ರಶ್ನೆ ಕೇಳಿದ್ದಕ್ಕೇ ಮೊದಲನೆಯದಕ್ಕೆ ಬಲ ಬಂದದ್ದು.

ಮೆಲ್ಬರ್ನ್‌ನಲ್ಲಿ, ಸಿಡ್ನಿಯಲ್ಲಿ ಬೆಳೀತಿರೋ ನಮ್ಮ ಕನ್ನಡದ ಮಕ್ಕಳು ಇನ್ನು ಇಪ್ಪತ್ತು ವರ್ಷಕ್ಕೆ ತಮ್ಮದೇ ಪಟ್ಟಿ ಮಾಡ್ತಾರೆ. ಅದರಲ್ಲಿ ಬ್ಲೂಯಿ ಇರುತ್ತೆ, ಟೋಪಿ ಇರುತ್ತೆ, ಹೆರಾಲ್ಡ್ ಇರುತ್ತಾನೆ. ಮೊಸರನ್ನದ ಡಬ್ಬಿಯೂ, ವಾರದ ಕೊನೆಯ ಕನ್ನಡ ಕ್ಲಾಸೂ ಇರಬಹುದು. ಆ ಪಟ್ಟಿಯೂ ಬರೀ ಹೆಸರುಗಳ ಸಾಲಾದರೆ ನಾವೂ ಇನ್ನೊಂದು ಗುರುತಿನ ಚೀಟಿ ಅಚ್ಚು ಹಾಕಿದ ಹಾಗೆ, ಅಷ್ಟೇ. ಅದಕ್ಕೇ ಮಕ್ಕಳಿಗೆ ಈಗಲೇ ಕಾರಣಗಳನ್ನೂ ಹೇಳಬೇಕು: ಟೋಪಿ ಯಾಕೆ ಕಡ್ಡಾಯ, ಶಾಲೆಯ ಬೆಳಗಿನ ಸಭೆಯಲ್ಲಿ ಈ ನೆಲದ ಮೂಲದವರನ್ನು ಯಾಕೆ ನೆನೆಯುತ್ತಾರೆ, ಅಪ್ಪ ಅಮ್ಮ ಯಾಕೆ ಇಷ್ಟು ದೂರ ಬಂದರು. ಉತ್ತರ ಉದ್ದವಾಗುತ್ತೆ, ಟೀ ಟವೆಲ್ ಮೇಲೆ ಹಿಡಿಸಲ್ಲ. ಪರವಾಗಿಲ್ಲ, ಟವೆಲ್ ಪಾತ್ರೆ ಒರೆಸೋಕೆ ಇರಲಿ.